ಅಟ್ಟದ ಮೇಲಿನ ಬಿಸಿಲು

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹತ್ತಿರ ಬಸ್ಸು ನಿಧಾನವಾದರೆ ಸಾಕು, ಕಿಟಕಿ ಪಕ್ಕ ಕೂತವರು ಮೂಗರಳಿಸಿ ಉಸಿರೆಳೆದುಕೊಳ್ಳುತ್ತಾರೆ. ನನಗೆ ಹಾಗಾಗುವುದಿಲ್ಲ. ಕೊಬ್ಬರಿಯ ಆ ಸಿಹಿ ವಾಸನೆಯ ಬೆನ್ನಿಗೇ ಇನ್ನೊಂದು ವಾಸನೆ ಬರುತ್ತದೆ. ಸೋಪು ಹಾಕಿ ತಿಕ್ಕಿ ಒಗೆದರೂ ಒಣಗಲು ಜಾಗವಿಲ್ಲದೆ ಮುಗ್ಗಲು ಹಿಡಿದ ಬಟ್ಟೆಯದು. ಹೋದ ತಿಂಗಳು ಆ ದಾರಿಯಲ್ಲಿ ಹೋಗುವಾಗಲೂ ಹಾಗೇ ಆಯಿತು. ಸೆರಗನ್ನು ಮೂಗಿಗೆ ಹಿಡಿದು ಕೂತಿದ್ದು ನೋಡಿ ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಯಾಕಮ್ಮ, ವಾಂತಿ ಬತ್ತೈತಾ? ಕಿಟಕಿ ಕಡೆ ಬತ್ತೀರಾ?" ಎಂದು ಕೇಳಿದರು. ಬೇಡ ಎಂದೆ. ಒಂದು ಇಡೀ ವರ್ಷ ಮೂಗಿನೊಳಗೆ ಬಂದು ಕೂತಿದೆ ಎಂದು ಬಸ್ಸಿನಲ್ಲಿ ಯಾರಿಗೆ ಹೇಳುವುದು?

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನನಗಿನ್ನೂ ಮದುವೆಯಾಗಿರಲಿಲ್ಲ. ತುರುವೇಕೆರೆಯಲ್ಲಿ ಹೊಲಿಗೆ ಕಲಿತು, ಹಳ್ಳಿ ಹೆಂಗಸರ ಸಂಘಗಳಿಗೆ ಹೊಲಿಗೆ ಹೇಳಿಕೊಡುವ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಹೊನ್ನವಳ್ಳಿಯಲ್ಲಿ ಬಸ್ಸಿಳಿದು ತೋಟಗಳ ನಡುವೆ ನಡೆದು ಹೋಗಬೇಕಾದ ಊರೊಂದಕ್ಕೆ ನನ್ನನ್ನು ಹಾಕಿದರು. ಮಳೆಗಾಲದ ನಡುವೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯೊಂದಿಗೆ ಅಲ್ಲಿಗೆ ಹೋದೆ. ಇರಲು ಕೋಣೆ ಕೊಟ್ಟವರು ಪುಟ್ಟಮ್ಮ. ತೋಟ, ಹಸು, ಗಂಡ, ಮಗ, ಸೊಸೆ ಎಲ್ಲವನ್ನೂ ಒಂದೇ ದನಿಯಲ್ಲಿ ನಡೆಸುತ್ತಿದ್ದ ಹೆಂಗಸು. ಸೊಸೆ ಗಿರಿಜಾಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮದುವೆಯಾಗಿ ಮೂರು ತಿಂಗಳಾಗಿತ್ತು. ನಾನು ಹೋದ ದಿನವೇ ನನ್ನ ಟ್ರಂಕಿನ ಒಂದು ತುದಿ ಹಿಡಿದು ಒಳಗಿಟ್ಟು, "ಅಕ್ಕಾ, ನಂಗೂ ಬ್ಲೌಸು ಹೊಲಿಯೋದು ಹೇಳ್ಕೊಡ್ತೀರಾ?" ಎಂದು ಕೇಳಿದ್ದಳು.

ಆ ಮನೆಯ ಜೀವ ಇದ್ದದ್ದು ಅಟ್ಟದಲ್ಲಿ. ನಡುಮನೆಯ ಪಕ್ಕದ ಕೋಣೆಯಲ್ಲಿ ತಲೆಯ ಮೇಲೆ ಬಿದಿರಿನ ಗಳು ಹಾಸಿ, ಬಲಿತ ತೆಂಗಿನಕಾಯಿಗಳನ್ನು ಸೂರು ಮುಟ್ಟುವವರೆಗೆ ಪೇರಿಸಿದ್ದರು. ಅವು ಹೆಚ್ಚು ಕಡಿಮೆ ಒಂದು ವರ್ಷ ಅಲ್ಲೇ ಕೂರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಗ ಒಡೆದರೆ ಇಡಿಯಾದ ಉಂಡೆ ಕೊಬ್ಬರಿ. ಮೊದಲ ದಿನವೇ ಪುಟ್ಟಮ್ಮ ನನ್ನನ್ನು ಆ ಕೋಣೆಯ ಹೊಸಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

"ಟೀಚರಮ್ಮ, ನೀವು ಓದ್ದೋರು. ಆದ್ರೂ ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ್ರಿ. ಹೊರಗಾದಾಗ ಈ ಹೊಸ್ಲು ದಾಟಬಾರದು, ಆ ಬಟ್ಟೇನೂ ಯಾವತ್ತೂ ಒಳಗೆ ತರಬಾರದು. ಕಾಯಿ ಕೊಳೀತದೆ, ಕೊಬ್ಬರಿ ಕೌಟು ಹಿಡಿದು ಕೆಡ್ತದೆ. ಒಂದ್ ವರ್ಸದ ಅನ್ನ ಕಣ್ರವ್ವ ಇದು."

ಆಯಿತು ಎಂದೆ. ಬಾಡಿಗೆಗೆ ಬಂದವಳಿಗೆ ಅಟ್ಟದ ಕೋಣೆಯಲ್ಲಿ ಏನು ಕೆಲಸ ಎಂದುಕೊಂಡೆ. ತಾರಸಿಗೆ ಹೋಗುವ ಮೆಟ್ಟಿಲು ಇರುವುದು ಆ ಕೋಣೆಯೊಳಗೇ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ.

ಹೋಗಿದ್ದು ಶ್ರಾವಣದಲ್ಲಿ. ನಮ್ಮ ಸೀಮೆಯ ಮಳೆ ಗಟ್ಟಿ ಮಳೆಯೇನಲ್ಲ. ಬೆಳಗಾಗುತ್ತಲೇ ಮೋಡ, ಮಧ್ಯಾಹ್ನ ತುಂತುರು, ಸಂಜೆ ಮತ್ತೆ ಮೋಡ. ಅದಕ್ಕೆ ತೆಂಗಿನ ತೋಟದ ನೆರಳು ಬೇರೆ. ಮನೆಯ ಮೂರು ಕಡೆಯೂ ಗರಿಗೆ ಗರಿ ತಾಕುವಂಥ ಮರಗಳು. ಅಲ್ಲಿಯವರೆಗೆ ನಾನು ಬಿಸಿಲಿನ ಬಗ್ಗೆ ಯೋಚಿಸಿದವಳೇ ಅಲ್ಲ. ತುರುವೇಕೆರೆಯ ನಮ್ಮ ಮನೆಯ ಹಿತ್ತಿಲಲ್ಲಿ ಅಮ್ಮನ ಹಳೆ ಸೀರೆಯ ತುಂಡುಗಳನ್ನು ಒಗೆದು, ಸೀಬೆ ಗಿಡದ ಹಿಂದೆ ಹರವಿದರೆ ಸಂಜೆಗೆ ಒಣಗಿರುತ್ತಿದ್ದವು. ಇಲ್ಲಿ ಬಚ್ಚಲಲ್ಲಿ ಹಿಂಡಿ ಕೋಣೆಗೆ ತಂದು, ಮಂಚದ ಕೆಳಗೆ ಹಗ್ಗ ಕಟ್ಟಿ ಹಾಕಿದೆ. ಎರಡು ದಿನವಾದರೂ ತಣ್ಣಗೇ ಇದ್ದವು. ಅದನ್ನೇ ಮತ್ತೆ ಕಟ್ಟಿಕೊಂಡು ಸಂಘದ ಕೋಣೆಗೆ ಹೋಗಿ ಸಂಜೆಯವರೆಗೆ ಮಿಷನ್ ತುಳಿಯಬೇಕು. ತೊಡೆ ಸುಟ್ಟಂತೆ ಉರಿಯುತ್ತಿತ್ತು.

ಗಿರಿಜಾ ಹೊರಗಾದರೆ ಹಿಂದಿನ ಜಗಲಿಯಲ್ಲಿ ಕೂರುತ್ತಿದ್ದಳು. ಅವಳ ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ. ಹಾಲಿಗೆ ಬಂದವರು, ಗೊಬ್ಬರ ಹೊರುವವರು, ಪಕ್ಕದ ತೋಟದವರು ಎಲ್ಲರೂ ನೋಡಿ, ಸೊಸೆ ಹೊರಗಾಗಿದ್ದಾಳೆ ಎಂದು ತಿಳಿದುಕೊಳ್ಳುತ್ತಿದ್ದರು. ಊರಿಗೆಲ್ಲ ಗೊತ್ತಾಗಬಹುದು, ಬಟ್ಟೆ ಮಾತ್ರ ಒಂದು ಕಣ್ಣಿಗೂ ಬೀಳಬಾರದು. ಗಂಡಸರು ನೋಡಿದರೆ ಅವರ ಕಣ್ಣಿಗೆ ಕೇಡು, ಅದರ ಮೇಲೆ ಹಾವು ದಾಟಿದರೆ ಮಕ್ಕಳಾಗುವುದಿಲ್ಲ ಎಂಬ ನಂಬಿಕೆ. ಅವಳು ಒಣಗಿಸುತ್ತಿದ್ದದ್ದು ಕೊಟ್ಟಿಗೆಯ ಹಿಂದೆ, ತೆಂಗಿನ ಮಟ್ಟೆಯ ಗುಡ್ಡೆಯ ಸಂದಿನಲ್ಲಿ. ಮೇಲೆ ಒಂದು ಹರಿದ ಗೋಣಿಚೀಲ. ಒಮ್ಮೆ ಅದನ್ನು ಕೊಡವಿದಾಗ ಚೇಳೊಂದು ಬಿತ್ತಂತೆ. "ಸದ್ಯ, ಕಟ್ಕಳೋಕೆ ಮುಂಚೆ ಕೊಡವ್ದೆ ಅಕ್ಕಾ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಇದೇ ಹೊತ್ತಿಗೆ ನಮ್ಮ ಸಂಸ್ಥೆಯವರು ಹೊಸದೊಂದು ಕೆಲಸ ಕಳಿಸಿದರು. ಬ್ಲೌಸು, ಲಂಗ ಸಾಕು, ಮುಟ್ಟಿನ ಪ್ಯಾಡು ಹೊಲಿಸಿ ಎಂದರು. ಮೆತ್ತನೆಯ ಬಟ್ಟೆಯ ನಾಲ್ಕು ಪದರ, ಎರಡು ರೆಕ್ಕೆ, ರೆಕ್ಕೆಗೆ ಗುಂಡಿ. ಒಗೆದು ಒಗೆದು ವರ್ಷಗಟ್ಟಲೆ ಬಳಸಬಹುದು. ಬಟ್ಟೆಯ ಮೇಲೆ ಗುಲಾಬಿ ಹೂವಿನ ಚಿತ್ರ ಬೇರೆ. ನಮ್ಮ ಹೆಂಗಸರು ಎಷ್ಟು ಚೆಂದ ಹೊಲಿದರು ಎಂದರೆ ಅಂಚಿನ ಹೊಲಿಗೆಯಲ್ಲಿ ಒಂದು ನೂಲು ಆಚೀಚೆ ಇಲ್ಲ. ಒಬ್ಬೊಬ್ಬರೂ ಒಂದು ಜೊತೆ ಮನೆಗೆ ಒಯ್ದರು. ತುಮಕೂರಿನಿಂದ ಮೇಡಂ ಬಂದು, "ಎಲ್ಲರೂ ಉಪಯೋಗಿಸ್ತಾ ಇದೀರಾ?" ಎಂದು ಕೇಳಿದಾಗ ಶಾಲೆ ಮಕ್ಕಳ ಹಾಗೆ ಒಟ್ಟಿಗೆ "ಹೂಂ ಮೇಡಂ" ಅಂದರು. ನಾನೂ ತಲೆಯಾಡಿಸಿದೆ.

ಮೇಡಂ ಹೋದ ವಾರದಲ್ಲೇ ಒಬ್ಬರ ಮನೆಯಲ್ಲಿ ಕಾಫಿಗೆ ಕೂತಿದ್ದಾಗ, ಒಲೆಯಿಂದ ಪಾತ್ರೆ ಇಳಿಸಿದ್ದು ಗುಲಾಬಿ ಹೂವಿನ ಪ್ಯಾಡಿನಿಂದ. "ಕೈ ಸುಡೋದೇ ಇಲ್ಲ ಕಣ್ರೀ ಟೀಚ್ರೇ, ಒಳ್ಳೆ ಮಸಿಬಟ್ಟೆ" ಎಂದು ಆಕೆ ನನ್ನನ್ನೇ ಹೊಗಳಿದಳು. ಕಾಯಿ ಕೀಳುವ ಕರಿಯಣ್ಣ ಮರ ಹತ್ತುವಾಗ ಪಾದಕ್ಕೆ ಹಾಕುವ ಹಗ್ಗಕ್ಕೆ ಮೆತ್ತೆಯಾಗಿ ಸುತ್ತಿಕೊಂಡಿದ್ದದ್ದೂ ಅದೇ. ಅದೇನೆಂದು ಅವನ ಹೆಂಡತಿ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಯಾಕೆ ಹೀಗೆ ಮಾಡಿದಿರಿ ಎಂದು ಸಂಘದಲ್ಲಿ ಬಾಗಿಲು ಹಾಕಿಕೊಂಡು ಕೇಳಿದೆ. ಹೊಲಿಗೆ ಕಲಿಯಲು ಬರುತ್ತಿದ್ದ ಗಿರಿಜಾಳೇ ಹೇಳಿದಳು. "ಹಳೇ ಸೀರೆ ತುಂಡು ಯಾರಾರ ನೋಡಿದ್ರೆ ಏನೋ ಚಿಂದಿ ಅಂದ್ಕತಾರೆ ಅಕ್ಕಾ. ಇದ್ನ ನೋಡಿದ್ರೆ ಏನಂತ ಹೇಳೋದು? ರೆಕ್ಕೆ ಐತೆ, ಗುಂಡಿ ಐತೆ. ದಪ್ಪ ಬೇರೆ. ತೆಳ್ಳನ್ನ ಬಟ್ಟೇನೇ ಒಣಗಲ್ಲ, ಇದು ಒಣಗ್ತೈತಾ?" ಉಳಿದವರು ತಲೆ ತಗ್ಗಿಸಿಕೊಂಡೇ ಹೌದು ಹೌದು ಎಂದರು. ಸಂಘದ ಕೋಣೆಯ ಹಿಂದೆ ಗೋಡೆ ಎತ್ತರಿಸಿ ಹಗ್ಗ ಕಟ್ಟೋಣ, ಎಲ್ಲರೂ ಅಲ್ಲೇ ತಂದು ಒಣಗಿಸಿ ಎಂದೆ. ಒಬ್ಬಾಕೆ ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದಳು. "ಈ ತಿಂಗ್ಳು ಯಾರದ್ದು ಬಂತು, ಯಾರದ್ದು ಬರ್ಲಿಲ್ಲ ಅಂತ ಹಗ್ಗನೇ ಸಾರಿ ಹೇಳ್ತದೆ. ಸುಮ್ಕಿರಿ ಟೀಚ್ರೇ." ಎಲ್ಲರಿಗೂ ಬಿಸಿಲಿನ ಪಾಠ ಹೇಳಿ ಮನೆಗೆ ಹೋಗಿ ಮಂಚದ ಕೆಳಗೆ ಬಗ್ಗುತ್ತಿದ್ದವಳು ನಾನು, ಇನ್ನೇನು ಹೇಳಲಿ?

ದಸರೆ ಕಳೆದ ಮೇಲೆ ಗಿರಿಜಾಗೆ ಜ್ವರ ಬಂತು. ಮೊದಲು ಮೈ ಸುಡುತ್ತಿದ್ದರೂ ಕೆಲಸ ಮಾಡಿಕೊಂಡು ಓಡಾಡಿದಳು. ಆಮೇಲೆ ಕಿಬ್ಬೊಟ್ಟೆ ಹಿಡಿದುಕೊಂಡು ಜಗಲಿಯಲ್ಲೇ ಮುದುರಿದಳು. ಬಟ್ಟೆಗೆ ವಾಸನೆ ಬರುತ್ತಿದೆ ಎಂದು ನನಗೊಬ್ಬಳಿಗೇ ಹೇಳಿದ್ದಳು. ಮಗ ತೋಟಕ್ಕೆ ನೀರು ಹಾಯಿಸಬೇಕಿದ್ದುದರಿಂದ ಪುಟ್ಟಮ್ಮ ನನ್ನ ಜೊತೆ ಅವಳನ್ನು ತಿಪಟೂರಿಗೆ ಕಳಿಸಿದರು. ಡಾಕ್ಟರು ಹೆಂಗಸು, ಒಳ್ಳೆಯವರೇ. ಒಳಗೆ ನೋಡಿ ಬಂದು ಕೈ ತೊಳೆಯುತ್ತಾ ಕೇಳಿದರು, "ಬಟ್ಟೆ ಎಲ್ಲಿ ಒಣಗಿಸ್ತೀಯಮ್ಮಾ?"

ಗಿರಿಜಾ ನನ್ನ ಮುಖ ನೋಡಿದಳು. ನಾನು ಹೇಳಿದೆ.

"ಮಾತ್ರೆ ಕೊಡ್ತೀನಿ, ಈಗ ವಾಸಿಯಾಗುತ್ತೆ. ಆದರೆ ಹೀಗೇ ಒದ್ದೆ ಬಟ್ಟೆ ಇಟ್ಕೊಂಡ್ರೆ ಮತ್ತೆ ಬರುತ್ತೆ. ಬರ್ತಾ ಬರ್ತಾ ಗರ್ಭಕೋಶಕ್ಕೇ ತಗುಲುತ್ತೆ. ಆಮೇಲೆ ಮಕ್ಕಳಾಗೋದು ಕಷ್ಟ. ಚೆನ್ನಾಗಿ ಬಿಸಿಲಲ್ಲಿ ಒಣಗಿಸು. ಇಲ್ಲಾ ಅಂಗಡಿಯದು ತಗೋ."

ವಾಪಸು ಬಸ್ಸಿನಲ್ಲಿ ಅವಳು ಮಾತ್ರೆಯ ಪೊಟ್ಟಣವನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಹೊನ್ನವಳ್ಳಿ ಹತ್ತಿರ ಬಂದಾಗ ಕಿಟಕಿಯ ಹೊರಗಿನ ತೋಟಗಳನ್ನು ನೋಡುತ್ತಾ, "ಬಿಸಿಲು ಎಲ್ಲೈತೆ ಅಕ್ಕಾ ನಮ್ಮನೇಲಿ?" ಎಂದಳು.

ನಾನೂ ಅವಳೂ ಮನೆಯ ಸುತ್ತ ಹುಡುಕಿದೆವು. ಬಿಸಿಲು ಬೀಳುವುದು ಮುಂದಿನ ಕಣದಲ್ಲಿ, ಅಲ್ಲಿ ದಿನವೆಲ್ಲ ಗಂಡಸರು. ತೋಟದ ನಡುವೆ ಒಂದು ಮರ ಬಿದ್ದು ತೆರವಾದ ಜಾಗವೊಂದಿತ್ತು, ಒಳ್ಳೆ ಬಿಸಿಲು. ಗಿರಿಜಾ ಅಲ್ಲಿ ಬಟ್ಟೆ ಹರವಿ ಇನ್ನೂ ತಿರುಗಿರಲಿಲ್ಲ, ಪಕ್ಕದ ತೋಟದಿಂದ, "ಮರ ಹತ್ತೀನಿ ಕಣ್ರವ್ವೋ" ಎಂದು ಕರಿಯಣ್ಣನ ಕೂಗು. ಹೆಂಗಸರು ಬಚ್ಚಲಲ್ಲಿದ್ದರೆ ಎಚ್ಚರವಾಗಲಿ ಎಂದು ಅವನು ಕೂಗಿಯೇ ಹತ್ತುತ್ತಿದ್ದ. ಮರದ ತಲೆಯಿಂದ ಅವನಿಗೆ ಎಲ್ಲರ ಹಿತ್ತಿಲೂ ಅಂಗೈಯಂತೆ ಕಾಣುತ್ತಿತ್ತು. ಗಿರಿಜಾ ಓಡಿಹೋಗಿ ಬಟ್ಟೆಯನ್ನು ಬಾಚಿ ಮಡಿಲಿಗೆ ಹಾಕಿಕೊಂಡಳು. ಉಳಿದದ್ದು ತಾರಸಿ ಒಂದೇ. ಎದೆಮಟ್ಟದ ಗೋಡೆ, ಮುಂದಿನ ಕಣದ ಕಡೆಗಿದ್ದುದರಿಂದ ಹತ್ತಿರದಲ್ಲಿ ಹತ್ತುವ ಮರವಿಲ್ಲ, ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ದಾರಿ ಮಾತ್ರ ಅಟ್ಟದ ಕೆಳಗಿಂದ.

ಅಂಗಡಿಯ ಪ್ಯಾಡನ್ನೂ ಬಳಸಿ ನೋಡಿದೆವು. ತಿಪಟೂರಿಗೆ ಹೋದಾಗ ನಾನೇ ಪೇಪರಿನಲ್ಲಿ ಸುತ್ತಿಸಿಕೊಂಡು ತಂದೆ. ಬಳಸಿದ ಮೇಲೆ ಎಲ್ಲಿ ಹಾಕುವುದು? ಬಚ್ಚಲ ಒಲೆಗೆ ಹಾಕುವ ಹಾಗಿಲ್ಲ, ಅದೇ ನೀರಿನಲ್ಲಿ ಮಿಂದು ದೇವರ ಪೂಜೆ ಮಾಡುತ್ತಾರೆ. ಸುಟ್ಟರೆ ಹೊಟ್ಟೆಯೇ ಸುಟ್ಟಂತೆ ಎಂದು ಗಿರಿಜಾ ಹೆದರಿದಳು. ಬಾಳೆಗಿಡದ ಬುಡದಲ್ಲಿ ಹೂತೆವು. ಆಳ ಸಾಲಲಿಲ್ಲ. ಮರುದಿನ ತಿಪಟೂರಿನ ಕೊಬ್ಬರಿ ದಲ್ಲಾಳಿ ಬಂದು ಕಣದಲ್ಲಿ ಕೂತು, ಪುಟ್ಟಮ್ಮನ ಗಂಡನ ಜೊತೆ ಎಲೆಯಡಿಕೆ ಹಾಕುತ್ತಿದ್ದಾಗ, ಮನೆಯ ನಾಯಿ ಅದನ್ನು ಕಚ್ಚಿ ತಂದು ನಡುಕಣದಲ್ಲಿ ಇಟ್ಟು ಬಾಲ ಅಲ್ಲಾಡಿಸಿತು.

ನಾನು ಬಾಗಿಲಲ್ಲಿ ನಿಂತಲ್ಲೇ ಕಲ್ಲಾದೆ. ಪುಟ್ಟಮ್ಮ ಮಾತ್ರ ಅರೆಗಳಿಗೆಯೂ ತಡಮಾಡಲಿಲ್ಲ. ಸೆಗಣಿ ಹೊರುವ ಮಂಕರಿಯನ್ನು ತಂದು ಅದರ ಮೇಲೆ ಕವುಚಿ, ಆ ಮಂಕರಿಯ ಮೇಲೆ ತಾವೇ ಕೂತುಬಿಟ್ಟರು. ದಲ್ಲಾಳಿ ಹೋಗುವವರೆಗೂ ಏಳಲಿಲ್ಲ. "ಮ್ಯಾಲೆ ಕುಂತ್ಕಳಮ್ಮ, ಕುರ್ಚಿ ಐತಲ್ಲ" ಎಂದು ದಲ್ಲಾಳಿ ಹೇಳಿದರೆ, "ಇಲ್ಲೇ ತಂಪಾಗೈತೆ ಬುಡಿ" ಎಂದು ಸೊಪ್ಪಿನ ಬೆಲೆ, ಹಸುವಿನ ಕಾಲುನೋವು, ಬೋರಿಗೆ ಕರೆಂಟು ಬಾರದ್ದು ಎಲ್ಲ ಮಾತಾಡಿದರು. ಅವರೆಲ್ಲ ಹೋದ ಮೇಲೆ ಮಂಕರಿಯೊಳಗಿಂದ ಅದನ್ನು ತೆಗೆದು, ನಮ್ಮಿಬ್ಬರ ಕಡೆ ತಿರುಗಿ ಒಂದೇ ಮಾತು ಹೇಳಿದರು. "ಇನ್ಮ್ಯಾಲೆ ಈ ಪ್ಯಾಟೆ ಮಾಲು ನನ್ನ ಮನೇಗೆ ಬರಕೂಡ್ದು."

ಅಲ್ಲಿಗೆ ಅದೂ ಮುಗಿಯಿತು. ಸಂಕ್ರಾಂತಿಯ ಹೊತ್ತಿಗೆ ಗಿರಿಜಾಗೆ ಮತ್ತೆ ಜ್ವರ ಬಂತು. ನಾನು ತಿಪಟೂರಿನಿಂದ ಅದೇ ಮಾತ್ರೆ ತಂದುಕೊಟ್ಟೆ. ನುಂಗಿ, ಗೋಡೆಗೆ ಒರಗಿ ಕೂತು, "ಮಕ್ಕಳಾಗಲ್ಲ ಅಂತ ಆದ್ರೆ ಇವ್ರು ನನ್ನ ಇಟ್ಕತಾರಾ ಅಕ್ಕಾ?" ಎಂದು ಕೇಳಿದಳು. ನಾನು ಅವಳ ಹಣೆ ಮುಟ್ಟಿ ಜ್ವರ ನೋಡಿದೆ.

ಮುಂದಿನ ಸಲ ಹೊರಗಾದಾಗ ಅವಳು ಯಾರನ್ನೂ ಕೇಳಲಿಲ್ಲ. ಮನೆಯಲ್ಲಿ ಯಾರಿಲ್ಲದ ಮಧ್ಯಾಹ್ನ ನೋಡಿ, ಬಕೀಟು ಹಿಡಿದು, ಅಟ್ಟದ ಕೋಣೆಯ ಹೊಸಿಲು ದಾಟಿ ಮೆಟ್ಟಿಲು ಹತ್ತಿದಳು. ನಾನು ಸಂಘದಿಂದ ಬಂದಾಗ ಪುಟ್ಟಮ್ಮ ಆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಗಿರಿಜಾ ಒದ್ದೆ ಬಟ್ಟೆಯ ಬಕೀಟು ಹಿಡಿದುಕೊಂಡು ಮೆಟ್ಟಿಲ ಬುಡದಲ್ಲಿ ಇಳಿದು ನಿಂತಿದ್ದಳು. ತಲೆಯ ಮೇಲೆ ಅಷ್ಟೂ ಕಾಯಿ. ಪುಟ್ಟಮ್ಮ ಕಿರುಚಾಡುತ್ತಾರೆ ಎಂದುಕೊಂಡೆ. ಅವರ ದನಿ ಬಹಳ ತಗ್ಗಿತ್ತು.

"ಎಷ್ಟು ಸಲ ಹತ್ತಿದೀಯೇ?"

"ಇದೇ ಮೊದ್ಲು ಅತ್ತೆ. ಇನ್ನೂ ಹಾಕಿಲ್ಲ. ಡಾಕ್ಟ್ರು ಬಿಸ್ಲಲ್ಲಿ ಒಣಗ್ಸು ಅಂದ್ರು."

"ಡಾಕ್ಟ್ರಿಗೇನು, ಅವ್ರು ಅಟ್ಟದ ಕೆಳಗೆ ಸಂಸಾರ ಮಾಡ್ತಾರಾ? ಈಚೆ ಬಾ."

ನಾನು ಮಧ್ಯೆ ಬಾಯಿ ಹಾಕಿದೆ. ಕಾಯಿ ಕೊಳೆಯುವುದು ತೇವಕ್ಕೆ, ಗಾಳಿಯಾಡದ್ದಕ್ಕೆ, ಇದಕ್ಕಲ್ಲ ಎಂದೆ. ಪುಟ್ಟಮ್ಮ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ಇರಬೋದು ಟೀಚರಮ್ಮ. ನಂಗೇನು ಗೊತ್ತಿಲ್ವಾ? ಪ್ರತಿ ವರ್ಸ ಒಂದಷ್ಟು ಕಾಯಿ ಕೊಳ್ತೇ ಕೊಳೀತವೆ. ನಾನು ಈ ಮನೇಗೆ ಬಂದ ವರ್ಸ ಅಟ್ಟದಲ್ಲಿ ಜಾಸ್ತಿ ಹೋದ್ವು. ನಾನು ಹೊಸ್ಲ ತುಳಿದೇ ಇರ್ಲಿಲ್ಲ. ಆದ್ರೂ ನನ್ನ ತಲೇಗೇ ಕಟ್ಟಿದ್ರು. ನಮ್ಮತ್ತೆ ಸಾಯೋಗಂಟ ಅದ್ನೇ ಅಂದ್ರು. ಇವ್ಳು ಹತ್ತಿದ್ನ ಯಾರಾರ ನೋಡಿದ್ರೆ, ನಾಳೆ ನಾಲ್ಕು ಕಾಯಿ ಕೌಟಾದ್ರೆ, ಇವ್ಳನ್ನ ಯಾರು ಕಾಯ್ತಾರೆ? ನೀವು ಮುಂದಿನ ವರ್ಸ ಇರ್ತೀರಾ?"

ಪುಟ್ಟಮ್ಮ ಆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನನಗೆ ಅವರ ಮೇಲೆ ಕೆಂಡದಂಥ ಕೋಪ ಬಂದಿತ್ತು. ಕೋಪದ ಜೊತೆಗೇ, ಆ ಬೀಗವನ್ನು ಅವರು ಸೊಸೆಯನ್ನು ಕಾಯಲೆಂದೇ ಹಾಕಿದ್ದಾರೆ ಎಂಬುದೂ ಗೊತ್ತಿತ್ತು. ಮೂವರೂ ಬೀಗದ ಹೊರಗೇ ನಿಂತಿದ್ದೆವು, ಕೀಲಿ ಸೊಂಟದಲ್ಲಿದ್ದವರಿಗೂ ಅದನ್ನು ತೆಗೆಯುವ ಧೈರ್ಯವಿರಲಿಲ್ಲ.

ಸಂಜೆ ಹಾಲು ಕರೆದು ಬಂದವರು ಗಿರಿಜಾಳ ಪಕ್ಕ ಜಗಲಿಯ ಅಂಚಿಗೆ ಕೂತು, ಅವಳ ಕಡೆ ನೋಡದೆ ಹೇಳಿದರು. "ಶಿವರಾತ್ರಿ ಆದ್ಮ್ಯಾಲೆ ಕಾಯಿ ಇಳಿಸ್ತಾರೆ. ಅಟ್ಟ ಖಾಲಿ ಆದ್ರೆ ಯಾವ ಮುಟ್ಟೂ ಇಲ್ಲ, ಮಡೀನೂ ಇಲ್ಲ. ಹೊಸ ಕಾಯಿ ಏರ್ಸೋಗಂಟ ಎಷ್ಟು ಬೇಕಾದ್ರೂ ಒಣಗಿಸ್ಕೋ. ಅಲ್ಲಿಗಂಟ ತಡ್ಕೋ."

ಗಿರಿಜಾ ಅಂದಿನಿಂದ ಅದೊಂದನ್ನೇ ಕಾದಳು. ಅಟ್ಟ ಖಾಲಿಯಿರುವುದು ಹೆಚ್ಚೆಂದರೆ ಎರಡು ಮೂರು ವಾರ. ಅಷ್ಟರೊಳಗೆ ತನಗೆ ಮುಟ್ಟಾಗಬೇಕು. ಬೆರಳು ಮಡಿಸಿ ಲೆಕ್ಕ ಹಾಕಿ, "ಸರಿಯಾಗಿ ಬತ್ತೈತೆ ಅಕ್ಕಾ" ಎಂದಳು. ಇದ್ದಬದ್ದ ಬಟ್ಟೆಯನ್ನೆಲ್ಲ ಕುದಿಸಿ ಒಗೆದು ಬಿಸಿಲಿಗೆ ಹಾಕಿ ಒಂದು ವರ್ಷಕ್ಕಾಗುವಷ್ಟು ಮಡಿಸಿಟ್ಟುಕೊಳ್ಳುತ್ತೇನೆ ಎಂದಳು. ಒಂದು ಸಲ ಬಿಸಿಲು ಕಂಡರೆ ವರ್ಷಕ್ಕಾಗುವುದಿಲ್ಲ, ಪ್ರತಿ ತಿಂಗಳೂ ಬೇಕು ಎಂದು ಹೇಳಬೇಕಿತ್ತು. ಅವಳ ಮುಖದಲ್ಲಿ ಅಷ್ಟು ಆಸೆಯಿತ್ತು, ಹೇಳಲು ಮನಸ್ಸು ಬರಲಿಲ್ಲ.

ಶಿವರಾತ್ರಿ ಕಳೆಯಿತು. ಕಾಯಿ ಇಳಿಸಿದರು. ಕಣದಲ್ಲಿ ಹಗಲಿಡೀ ಸುಲಿಯುವ ಸದ್ದು, ಚಿಪ್ಪು ಒಡೆಯುವ ಸದ್ದು. ಉಂಡೆಗಳನ್ನು ಉರುಳಿಸಿ ಗಾತ್ರ ನೋಡಿ ಆರಿಸುವವರ ಮಾತು. ಆ ಸಿಹಿ ವಾಸನೆ ಮನೆಯೆಲ್ಲ, ನಮ್ಮ ಕೂದಲೆಲ್ಲ ತುಂಬಿತು. ಕೌಟಾದವು ಅಷ್ಟೇನೂ ಇರಲಿಲ್ಲ. ಕೊನೆಯ ಚೀಲ ತಿಪಟೂರಿಗೆ ಹೋದ ದಿನ ಪುಟ್ಟಮ್ಮ ಬೀಗ ತೆಗೆದು, ಕೋಣೆ ಗುಡಿಸಿ, ಏನೂ ಹೇಳದೆ ಬಾಗಿಲನ್ನು ತೆರೆದೇ ಬಿಟ್ಟರು. ಗಿರಿಜಾ ಅವತ್ತೇ ಮೇಲೆ ಹೋಗಿ ಹಗ್ಗ ಕಟ್ಟಿ ಬಂದಳು.

ನನಗೆ ಮುಟ್ಟಾಯಿತು. ಒಗೆದ ಬಟ್ಟೆ ಹಿಡಿದು ಹಾಡುಹಗಲೇ ಮೆಟ್ಟಿಲು ಹತ್ತಿದೆ. ನಡುವೆ ನಿಂತು ಹಿಂದೆ ತಿರುಗಿ ನೋಡಿದೆ, ಕಳ್ಳತನ ಮಾಡುವವಳ ಹಾಗೆ. ಮೇಲೆ ಹೋದರೆ ಕಣ್ಣು ಬಿಡಲಾಗದಂಥ ಬಿಸಿಲು. ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಹಾಕಿದೆ, ಮೇಲೆ ಏನನ್ನೂ ಮುಚ್ಚದೆ. ಯಾರೂ ಬೈಯಲಿಲ್ಲ, ಆಕಾಶವೂ ಬೀಳಲಿಲ್ಲ. ಅಷ್ಟು ಸಣ್ಣ ಕೆಲಸಕ್ಕೆ ನನಗೆ ಅಳು ಬಂತು.

ಮೂರ್ನಾಲ್ಕು ದಿನ ಹೀಗೆ ಹತ್ತಿಳಿದೆ. ಕೊನೆಯ ದಿನ ಮಧ್ಯಾಹ್ನ ಗಿರಿಜಾಳೂ ಮೇಲೆ ಬಂದಳು. ಕೈಯಲ್ಲಿ ಬಕೀಟಿರಲಿಲ್ಲ. ಗೋಡೆಯ ನೆರಳಿನಲ್ಲಿ ಕೂತಳು.

"ನಿಂದಿನ್ನೂ ಆಗ್ಲಿಲ್ವಾ?" ಎಂದೆ.

"ಹೋದ ವಾರನೇ ಆಗಬೇಕಿತ್ತು. ಆಗ್ಲಿಲ್ಲ. ಬೆಳಿಗ್ಗೆ ಎಲ್ಲಾ ವಾಂತಿ ಆಯ್ತು. ಅತ್ತೇಗೆ ಗೊತ್ತಾಗೋಯ್ತು, ದೇವ್ರಿಗೆ ಕಾಯಿ ಒಡೆದ್ರು."

ನನಗೆ ಸಂತೋಷವಾಯಿತು, ನಿಜವಾಗಿಯೂ ಆಯಿತು. ಡಾಕ್ಟರು ಹೆದರಿಸಿದ್ದು ನಡೆಯಲಿಲ್ಲವಲ್ಲ ಎಂದು ಅವಳ ಕೈ ಹಿಡಿದೆ. ಅವಳು ಹಗ್ಗದ ಕಡೆಯೇ ನೋಡುತ್ತಿದ್ದಳು.

"ಇದ್ಕೆ ಹೆಂಗೆ ಕಾದಿದ್ದೆ ಗೊತ್ತಾ ಅಕ್ಕಾ" ಎಂದಳು. ಆಮೇಲೆ ತಾನೇ ನಕ್ಕಳು. "ಬುಡು. ಇನ್ನೊಂದು ವರ್ಸ ಒಗೆಯೋದೂ ಇಲ್ಲ, ಒಣಗ್ಸೋದೂ ಇಲ್ಲ. ನಂಗೂ ಒಸಿ ಬಿಡುಗಡೆ."

ಆ ಹೆಣ್ಣಿಗೆ ಸಿಕ್ಕಿದ ಬಿಡುಗಡೆ ಅದು. ತವರಿನಲ್ಲಿ ಬಾಣಂತನ ಮುಗಿಸಿ ಬರುವಷ್ಟರಲ್ಲಿ ಅಟ್ಟ ತುಂಬಿರುತ್ತದೆ, ಬಾಗಿಲಿಗೆ ಬೀಗ ಬಿದ್ದಿರುತ್ತದೆ, ನಾನು ಇನ್ಯಾವುದೋ ಊರಿನಲ್ಲಿರುತ್ತೇನೆ. ಇಬ್ಬರಿಗೂ ಇದು ಗೊತ್ತಿತ್ತು.

ಕೆಳಗೆ ಟ್ರ್ಯಾಕ್ಟರು ಬಂದು ನಿಂತ ಸದ್ದಾಯಿತು. ಹೊಸ ಕಾಯಿ. ಪುಟ್ಟಮ್ಮ ಮೆಟ್ಟಿಲ ಬುಡದಿಂದ ಕೂಗಿದರು. "ಟೀಚರಮ್ಮ, ಒಣಗಿದ್ರೆ ತಕ್ಕಂಡು ಬಂದ್ಬುಡಿ. ಕಾಯಿ ಏರಿಸ್ತಾರೆ."

ನಾನು ಬೇಗ ಬೇಗ ಬಟ್ಟೆ ತೆಗೆಯತೊಡಗಿದೆ. ಗಿರಿಜಾ ಎದ್ದು ಬಂದು ಒಂದು ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮುಟ್ಟಿನ ಬಟ್ಟೆ ಎಂದು ಅಸಹ್ಯಪಡಲಿಲ್ಲ. ಅಂಗೈಯಿಂದ ಸವರಿದಳು, ಮಡಿಸಿದಳು, ಕೆನ್ನೆಗೆ ಒತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿದಳು.

"ಬೆಚ್ಚಗೈತೆ ಅಕ್ಕಾ" ಎಂದಳು.

ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಪೂರ್ತಿ ಒಣಗಿದ ಬಟ್ಟೆ ಅವಳ ಕೈಗೆ ಸಿಕ್ಕಿದ್ದು ಅದೇ ಮೊದಲು. ಅದೂ ಅವಳದ್ದಲ್ಲ.